ಮೇಸ್ತ್ರಿಯ ಸ್ವಂತ ಅಚ್ಚು

ನಮ್ಮ ಬೀದಿಯಲ್ಲಿ ಬೂಟು ಹೊಲಿಯುವ ಮೇಸ್ತ್ರಿಯ ಅಂಗಡಿ ನೆಲಮಟ್ಟದಿಂದ ಕೆಳಗಿದೆ. ಬೀದಿಯಿಂದ ಕೆಲವು ಮೆಟ್ಟಿಲು ಇಳಿದು ಹೋಗಬೇಕು. ಒಳಗೆ ಕೂತವರಿಗೆ ಕಿಟಕಿಯಲ್ಲಿ ಕಾಣುವುದು ಓಡಾಡುವವರ ಮೊಣಕಾಲಿನಿಂದ ಕೆಳಗಿನ ಭಾಗ ಮಾತ್ರ. ಜೀವಮಾನವೆಲ್ಲ ಅದನ್ನೇ ನೋಡುತ್ತ ಬಂದ ಮೇಸ್ತ್ರಿಗೆ ಬೀದಿಯವರ ಮುಖಕ್ಕಿಂತ ನಡಿಗೆ ಚೆನ್ನಾಗಿ ಗೊತ್ತು. ಕೆಲಸದ ನಡುವೆ ಒಮ್ಮೆ ತಲೆ ಎತ್ತಿ, "ಅಂಚೆಯವನ ಎಡಮಂಡಿ ಮತ್ತೆ ಕೈಕೊಟ್ಟಿದೆ" ಎನ್ನುತ್ತಾರೆ. ಇಲ್ಲವೇ, "ಬೇಕರಿಯವಳು ಇವತ್ತು ಗಂಡನ ಬೂಟು ಹಾಕ್ಕೊಂಡು ಬಂದಿದ್ದಾಳೆ. ರಾಜಿ ಆಯ್ತು ಅಂತ ಕಾಣುತ್ತೆ" ಎನ್ನುತ್ತಾರೆ.

ಅಂಗಡಿಯ ಗೋಡೆಗಳ ತುಂಬ ಮರದ ಅಚ್ಚುಗಳು ಜೋಡಿ ಜೋಡಿಯಾಗಿ ನೇತಾಡುತ್ತವೆ. ಅಚ್ಚು ಎಂದರೆ ಗಿರಾಕಿಯ ಪಾದದ ಮರದ ಪ್ರತಿರೂಪ. ಚರ್ಮವನ್ನು ಅದರ ಮೇಲೆ ಬಿಗಿಯಾಗಿ ಎಳೆದು, ಮೊಳೆ ಬಡಿದು ನಿಲ್ಲಿಸಿ, ಆಮೇಲೆ ತಳದ ಅಟ್ಟೆ ಹೊಲಿಯುತ್ತಾರೆ. ಮನುಷ್ಯನ ಪಾದ ವಯಸ್ಸಿನ ಜೊತೆ ಬದಲಾಗುತ್ತದೆ. ಹೆಬ್ಬೆರಳಿನ ಬುಡದಲ್ಲಿ ಗಂಟು ಏಳುತ್ತದೆ, ಅಂಗಾಲು ಕುಸಿದು ಅಗಲವಾಗುತ್ತದೆ. ಅಷ್ಟಕ್ಕೇ ಯಾರೂ ಹೊಸ ಅಚ್ಚು ಕೆತ್ತುವುದಿಲ್ಲ. ಹಳೆಯ ಅಚ್ಚಿನ ಮೇಲೆ ಬೇಕಾದ ಕಡೆ ತೆಳುವಾದ ಚರ್ಮದ ತುಂಡು ಅಂಟಿಸಿ, ಅಂಚು ಉಜ್ಜಿ, ಪಾದ ಈಗ ಹೇಗಿದೆಯೋ ಹಾಗೆ ಮಾಡಿಕೊಳ್ಳುತ್ತಾರೆ. ನನ್ನ ಬಲಗಾಲು ಎಡಗಾಲಿಗಿಂತ ಗಿಡ್ಡ. ಸಿದ್ಧ ಬೂಟು ನನಗೆ ಆಗುವುದಿಲ್ಲ. ಆದ್ದರಿಂದ ನನ್ನ ಅಚ್ಚೂ ಅಲ್ಲಿದೆ, ಮೂವತ್ತು ವರ್ಷಗಳ ತೇಪೆಗಳನ್ನು ಹೊತ್ತುಕೊಂಡು. ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದ ನಾನು ವರ್ಷಕ್ಕೊಮ್ಮೆ ಆ ಮೆಟ್ಟಿಲು ಇಳಿಯುತ್ತಿದ್ದೆ. ಇಲ್ಲಿ ಬರೆಯುತ್ತಿರುವುದರಲ್ಲಿ ಸ್ವಲ್ಪ ನಾನು ಕಂಡದ್ದು, ಹೆಚ್ಚಿನದು ಮೇಸ್ತ್ರಿಯ ಹೆಂಡತಿ ಮತ್ತು ಬಾಮೈದ ಹೇಳಿದ್ದು.

ಮೇಸ್ತ್ರಿಯ ಮನೆ ಅದೇ ಕಟ್ಟಡದ ಎರಡನೆಯ ಮಹಡಿಯಲ್ಲಿದೆ. ಬೆಳಿಗ್ಗೆ ಇಳಿಯುವುದು, ಸಂಜೆ ಹತ್ತುವುದು. ಅಂಗಡಿಯಲ್ಲಿ ಇರುವುದು ಮೂರು ಜನ. ಹೆಂಡತಿ ಕಿಟಕಿಯ ಕೆಳಗೆ ಹೊಲಿಗೆ ಯಂತ್ರದ ಮುಂದೆ ಕೂತು ಬೂಟಿನ ಮೇಲ್ಭಾಗ ಹೊಲಿಯುತ್ತಾರೆ. ಅವರ ತಮ್ಮ, ಎಂದರೆ ಮೇಸ್ತ್ರಿಯ ಬಾಮೈದ, ಅಟ್ಟೆ ಬಡಿಯುತ್ತಾನೆ. ದಪ್ಪ ಮೈಯ, ಬಾಯಿ ಸುಮ್ಮನಿರದ ಮನುಷ್ಯ. ಅಳತೆ, ಕತ್ತರಿಸುವುದು, ಅಚ್ಚಿನ ಮೇಲೆ ಚರ್ಮ ಎಳೆಯುವುದು ಮೇಸ್ತ್ರಿಯ ಕೆಲಸ. ಈ ಮೂರರಲ್ಲಿ ಎಳೆಯುವುದೇ ಮುಖ್ಯ. ಇಕ್ಕಳದಲ್ಲಿ ಚರ್ಮದ ಅಂಚು ಹಿಡಿದು, ಅಚ್ಚನ್ನು ತೊಡೆಗೆ ಒತ್ತಿಕೊಂಡು, ಭುಜದಿಂದ ಎಳೆಯಬೇಕು. ಕಡಿಮೆ ಎಳೆದರೆ ನೆರಿಗೆ, ಹೆಚ್ಚು ಎಳೆದರೆ ಹರಕು.

ಮೇಸ್ತ್ರಿಯ ತಂದೆಯದೂ ಇದೇ ಕೆಲಸ, ಇದೇ ಅಂಗಡಿ. ಅವರಿಗೆ ಅರವತ್ತು ದಾಟಿದ ಮೇಲೆ ಏದುಸಿರು ಶುರುವಾಯಿತು. ಆಗಿನ ವೈದ್ಯರು ಪೂರ್ಣ ವಿಶ್ರಾಂತಿ ಎಂದರು. ಆ ಕಾಲಕ್ಕೆ ಅದೇ ಚಿಕಿತ್ಸೆ, ವೈದ್ಯರನ್ನು ದೂರುವಂತಿಲ್ಲ. ಅವರನ್ನು ಕೈಹಿಡಿದು ಮೇಲಕ್ಕೆ ಕರೆದುಕೊಂಡು ಹೋಗಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಅವರು ಕೆಳಗೆ ಇಳಿಯಲೇ ಇಲ್ಲ. ಕೊನೆಯ ತಿಂಗಳುಗಳಲ್ಲಿ ಹಾಸಿಗೆಯಲ್ಲೇ ಕೈ ಆಡಿಸಿ ಇಲ್ಲದ ದಾರ ಎಳೆಯುತ್ತಿದ್ದರಂತೆ. ಅದನ್ನು ನೋಡಿದ ಮಗನಿಗೆ ಒಂದು ನಿರ್ಧಾರ ಗಟ್ಟಿಯಾಯಿತು: ಏನೇ ಬರಲಿ, ತನ್ನನ್ನು ಮೇಲೆ ಮಲಗಿಸಬಾರದು. ಸಾವಿಗಿಂತ ಅವರು ಹೆದರಿದ್ದು ಆ ಮಂಚಕ್ಕೆ.

ಮೇಸ್ತ್ರಿಗೆ ಐವತ್ತರ ಕೊನೆಯಲ್ಲಿ ಒಮ್ಮೆ ಎದೆನೋವು ಬಂದು ಹೃದಯದ ಸ್ನಾಯುವಿನ ಒಂದು ಭಾಗ ಸತ್ತಿತ್ತು. ಚೇತರಿಸಿಕೊಂಡರು. ಕೆಲವು ವರ್ಷಗಳ ನಂತರ ಚರ್ಮದ ಸುರುಳಿ ಹೊತ್ತು ಮೆಟ್ಟಿಲು ಇಳಿಯುವಾಗ ಉಸಿರು ಕಟ್ಟತೊಡಗಿತು. ಹೆಂಡತಿ ಬಿಡಲಿಲ್ಲ, ಆಸ್ಪತ್ರೆಗೆ ಎಳೆದುಕೊಂಡು ಹೋದರು. ಎಕೋ, ಎಂದರೆ ಹೃದಯದ ಸ್ಕ್ಯಾನ್, ಮಾಡಿದರು. ಆರೋಗ್ಯವಂತ ಹೃದಯ ಪ್ರತಿ ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಕ್ಕೆ ತಳ್ಳುತ್ತದೆ. ಮೇಸ್ತ್ರಿಯದು ಮೂರರಲ್ಲಿ ಒಂದು ಪಾಲು ತಳ್ಳುತ್ತಿತ್ತು. ಇದಕ್ಕೆ ಹೃದಯ ವೈಫಲ್ಯ ಎನ್ನುತ್ತಾರೆ. ಹೆಸರು ಕೇಳಿದರೆ ಹೃದಯ ನಿಂತೇಹೋದಂತೆ ಕೇಳಿಸುತ್ತದೆ. ಹಾಗಲ್ಲ. ಅದು ಕೆಲಸ ಮಾಡುತ್ತಿರುತ್ತದೆ, ಸಾಕಾಗುವಷ್ಟು ಮಾಡುವುದಿಲ್ಲ. ದೇಹ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ಶ್ವಾಸಕೋಶದಲ್ಲಿ ನಿಂತರೆ ಏದುಸಿರು, ಕಾಲಿಗೆ ಇಳಿದರೆ ಊತ.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು, ತಾಳ್ಮೆಯಿಂದ ವಿವರಿಸಿದರು. ಈ ಕಾಯಿಲೆಯವರನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತೇವೆ, ಎಂದರು. ಮಾಮೂಲಿ ಕೆಲಸದಲ್ಲಿ ಯಾವ ತೊಂದರೆಯೂ ಇಲ್ಲದಿದ್ದರೆ ಒಂದನೆಯದು. ಮಾಮೂಲಿ ಕೆಲಸ ಮಾಡುವಾಗ ಸ್ವಲ್ಪ ಏದುಸಿರು ಬಂದರೆ ಎರಡನೆಯದು. ಅದಕ್ಕಿಂತ ಹಗುರ ಕೆಲಸಕ್ಕೇ ಏದುಸಿರು ಬಂದರೆ ಮೂರನೆಯದು. ಸುಮ್ಮನೆ ಕೂತಾಗಲೂ ಬಂದರೆ ನಾಲ್ಕನೆಯದು.

"ನಾಲ್ಕೇನಾ?" ಎಂದರು ಮೇಸ್ತ್ರಿ. "ನಾವು ಬರೀ ಹಿಮ್ಮಡೀಲೇ ಅದಕ್ಕಿಂತ ಜಾಸ್ತಿ ದರ್ಜೆ ಮಾಡ್ತೀವಿ, ಡಾಕ್ಟ್ರೇ."

"ಹಿಮ್ಮಡಿ ನಿಮ್ಮದು, ಹೃದಯ ನಮ್ಮದು. ನಿಮಗೆ ಯಾವ ದರ್ಜೆ ಅಂತ ನೀವೇ ಹೇಳಿ."

"ಎರಡು."

ಡಾಕ್ಟರೂ ಎರಡೆಂದೇ ಬರೆದುಕೊಂಡರು. ಆಗ ಅದು ಸರಿಯಾಗಿಯೇ ಇತ್ತು. ಹೃದಯದ ಹೊರೆ ಇಳಿಸುವ ಮಾತ್ರೆ, ಬಡಿತ ನಿಧಾನಿಸುವ ಮಾತ್ರೆ, ನೀರು ಹೊರಹಾಕಲು ಒಂದು ಸಣ್ಣ ಮಾತ್ರೆ ಕೊಟ್ಟರು. ಉಪ್ಪು ಕಡಿಮೆ ಮಾಡಿ ಎಂದರು. ಅಂದಿನಿಂದ ಹೆಂಡತಿ ಅಡುಗೆಗೆ ಉಪ್ಪು ಮುಟ್ಟಲಿಲ್ಲ. ಮಧ್ಯಾಹ್ನ ಅಕ್ಕನ ಕೈ ಊಟ ಮಾಡುತ್ತಿದ್ದ ಬಾಮೈದನಿಗೆ ಇದರಿಂದ ಕಷ್ಟವಾಯಿತು.

"ಅಕ್ಕಾ, ಹೃದಯ ಭಾವಂದು. ನಾಲಿಗೆ ನಂದು. ನನಗ್ಯಾಕೆ ಈ ಶಿಕ್ಷೆ?"

"ನಿನ್ನ ನಾಲಿಗೆಗೆ ಉಪ್ಪು ಹಾಕಿದ್ರೆ ಇನ್ನೂ ಉದ್ದ ಆಗುತ್ತೆ. ತಿನ್ನು."

ಈ ನಾಲ್ಕು ದರ್ಜೆಗಳ ವಿಂಗಡಣೆಯಲ್ಲಿ ಒಂದು ತೊಡಕು ಇದೆ. ಅದು ಪೂರ್ತಿ ನಿಂತಿರುವುದು ಮಾಮೂಲಿ ಕೆಲಸ ಎಂಬ ಎರಡು ಪದಗಳ ಮೇಲೆ. ಮಾಮೂಲಿ ಎಂಬುದು ಎಲ್ಲಿಯೂ ನಿಂತಿರುವ ಗೆರೆಯಲ್ಲ. ಅದು ಮನುಷ್ಯನ ಜೊತೆಗೇ ಕುಗ್ಗುತ್ತದೆ. ಎಲ್ಲ ರೋಗಿಗಳಲ್ಲೂ ಕುಗ್ಗುತ್ತದೆ. ಮೇಸ್ತ್ರಿಯಂಥವರಲ್ಲಿ ಬೇಗ ಕುಗ್ಗುತ್ತದೆ. ಏಕೆಂದರೆ ಏನಾದರೂ ಬಿಗಿಯಾದರೆ ಅದನ್ನು ಸಡಿಲಿಸುವುದು, ತಗ್ಗಾದರೆ ಏರಿಸುವುದು ಅವರ ಕಸುಬು. ಸಮಸ್ಯೆ ಕಂಡರೆ ಅವರು ದೂರು ಹೇಳುವುದಿಲ್ಲ, ಉಪಾಯ ಹುಡುಕುತ್ತಾರೆ.

ಮೊದಲು ಮಾಡಿದ್ದು ಗಿರಾಕಿಯ ಕುರ್ಚಿಯ ಕೆಳಗೆ ಒಂದು ಎತ್ತರದ ಹಲಗೆಯ ಕಟ್ಟೆ. ಬಗ್ಗಿ ಪಾದದ ಅಳತೆ ತೆಗೆದುಕೊಳ್ಳುವಾಗ ಅವರಿಗೆ ಎದೆ ಒತ್ತಿದಂತಾಗುತ್ತಿತ್ತು. ಗಿರಾಕಿ ಮೇಲೆ ಕೂತರೆ ಪಾದ ತಾನಾಗಿ ಮೇಸ್ತ್ರಿಯ ಎದೆಮಟ್ಟಕ್ಕೆ ಬರುತ್ತದೆ. ಗಿರಾಕಿಗಳಿಗೆ ಅದು ಬಹಳ ಹಿಡಿಸಿತು. "ಭಾವ ಅಂಗಡೀಲಿ ಸಿಂಹಾಸನ ಮಾಡಿದಾರೆ, ರಾಜರು ಮಾತ್ರ ಸಾಲ ಹೇಳೋದು ಬಿಟ್ಟಿಲ್ಲ" ಎಂದು ಬಾಮೈದ ಹೇಳುತ್ತಿದ್ದ. ಆಮೇಲೆ ಚರ್ಮದ ಸುರುಳಿಗಳು ಮೇಲಿನ ಕಪಾಟಿನಿಂದ ಕೆಳಗಿನದಕ್ಕೆ ಬಂದವು. ಮಧ್ಯಾಹ್ನದ ಊಟಕ್ಕೆ ಮೇಲೆ ಹೋಗುವುದು ನಿಂತು, ಊಟವೇ ಕೆಳಗೆ ಬರತೊಡಗಿತು. ಎಳೆಯುವ ಕೆಲಸ, "ನೀನೂ ಕಲಿಯೋ ಮಾರಾಯ, ಎಷ್ಟು ದಿನ ಬರೀ ಅಟ್ಟೆ ಬಡೀತೀಯ" ಎಂಬ ನೆಪದಲ್ಲಿ ಬಾಮೈದನ ಕೈಗೆ ಹೋಯಿತು. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿದ್ದುದರಿಂದ ಒಂದು ದಿಂಬು ಎರಡಾಯಿತು, ಎರಡು ಹೋಗಿ ಒರಗುಕುರ್ಚಿ ಬಂತು. ಪ್ರತಿಯೊಂದಕ್ಕೂ ಕಾರಣ ಇತ್ತು, ಯಾವ ಕಾರಣವೂ ಸುಳ್ಳಲ್ಲ.

ಹೆಂಡತಿ ಇದನ್ನೆಲ್ಲ ನೋಡಲಿಲ್ಲವೇ ಎಂದು ಕೇಳಬಹುದು. ನೋಡಿದರು. ಬಿಡಿಬಿಡಿಯಾಗಿ ನೋಡಿದರು. ಒಮ್ಮೆ ಕುರ್ಚಿಯಲ್ಲಿ ಮಲಗುವುದರ ಬಗ್ಗೆ ಮಾತೆತ್ತಿದ್ದಕ್ಕೆ ಗಂಡ, "ನನ್ನನ್ನ ಮಂಚ ಹತ್ತಿಸಬೇಕು ಅಂತ ಇದೆಯಾ ನಿಂಗೆ?" ಎಂದರಂತೆ. ಮಾವನ ಕೊನೆಯ ದಿನಗಳಲ್ಲಿ ಸೇವೆ ಮಾಡಿದ್ದವರು ಅವರೇ. ಕುರ್ಚಿಗೆ ಒಂದು ಹೊದಿಕೆ ತಂದುಕೊಟ್ಟರು.

ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಕೇಳುತ್ತಿದ್ದ ಪ್ರಶ್ನೆಗಳು ಅವೇ. ಕೆಲಸ ಮಾಡುವಾಗ ಏದುಸಿರು ಹೆಚ್ಚಾಗಿದೆಯೇ? ಇಲ್ಲ. ಆ ಕೆಲಸವೇ ಈಗ ಇರಲಿಲ್ಲ. ಮೆಟ್ಟಿಲು ಹತ್ತುವಾಗ? ಮೊದಲಿನಷ್ಟೇ. ಹತ್ತುವುದು ದಿನಕ್ಕೊಮ್ಮೆ, ಅದೂ ತಿರುವಿನಲ್ಲಿ ನಿಂತು ಬೇರೆ ಮನೆಯವರ ಜೊತೆ ಹರಟೆ ಹೊಡೆದು. ಬೂಟು ಬಿಗಿಯಾಗುತ್ತಿದೆಯೇ? ಇದಕ್ಕೆ ಮೇಸ್ತ್ರಿ ನಗುತ್ತಿದ್ದರು. "ನನ್ನ ಕಾಲಲ್ಲಿ ಬಿಗಿ ಬೂಟು ಕಂಡ್ರೆ ಅಂಗಡಿ ಮುಚ್ಚಬೇಕಾಗುತ್ತೆ." ತೂಕ ನೋಡಿದರೆ ಹೋದ ಸಲದಷ್ಟೇ. ಈ ಕಾಯಿಲೆಯಲ್ಲಿ ಮಾಂಸ ಕರಗುತ್ತ ನೀರು ತುಂಬುತ್ತ ಹೋದರೆ ತಕ್ಕಡಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹೊರಗೆ ಇನ್ನೂ ಸಾಲು ನಿಂತಿರುತ್ತಿತ್ತು. ಎರಡು ಎಂದು ಬರೆದು ಕಳಿಸುತ್ತಿದ್ದರು.

ಒಂದು ಸಲ ಅವರು ಆಸ್ಪತ್ರೆಗೆ ಹೋಗಲಿಲ್ಲ. ಕೈತುಂಬ ಕೆಲಸವಿದೆ ಎಂದು ಹೇಳಿಸಿದರು. ಆ ಆಸ್ಪತ್ರೆಯಲ್ಲಿ ಬಾರದೆ ಉಳಿದ ಹೃದಯ ರೋಗಿಗಳನ್ನು ಅವರಿದ್ದಲ್ಲಿಗೇ ಹೋಗಿ ನೋಡಲು ಒಬ್ಬ ನರ್ಸನ್ನು ಹೊಸದಾಗಿ ನೇಮಿಸಿದ್ದರು. ಆಕೆ ಅಂಗಡಿಗೆ ಬಂದ ಮಧ್ಯಾಹ್ನ ನಾನು ಸಿಂಹಾಸನದ ಮೇಲೆ ಕೂತಿದ್ದೆ. ಒಂದು ಕಾಲು ಕಾಗದದ ಮೇಲೆ, ಮೇಸ್ತ್ರಿಯ ಕೈಯಲ್ಲಿ ಪೆನ್ಸಿಲು. ಎದ್ದು ಹೋಗುವಂತಿರಲಿಲ್ಲ.

ನರ್ಸು ಸುಮಾರು ನಲವತ್ತರ ಹೆಂಗಸು. ಇಳಿದು ಬಂದವಳು ಮೊದಲು ಕೇಳಿದ್ದು ತನ್ನದೇ ವಿಷಯ.

"ಯಜಮಾನ್ರೇ, ನನ್ನ ಹಿಮ್ಮಡಿ ಒಂದೇ ಕಡೆ ಸವೀತಿದೆ. ಏನು ಮಾಡೋದು?"

"ನಡೆಯೋದು ಕಮ್ಮಿ ಮಾಡಮ್ಮ. ನೀವು ನನಗೆ ಹೇಳೋದೂ ಅದೇ ತಾನೆ?"

"ನಾನಿನ್ನೂ ಏನೂ ಹೇಳಿಲ್ಲ."

"ಹೇಳಕ್ಕೇ ತಾನೆ ಬಂದಿರೋದು."

ಆಕೆ ನಕ್ಕು ಗೋಡೆ ನೋಡುತ್ತ ನಿಂತಳು. ಅಚ್ಚುಗಳನ್ನು ಅಷ್ಟು ಹತ್ತಿರದಿಂದ ಮೊದಲ ಸಲ ನೋಡುತ್ತಿದ್ದಳೆಂದು ಕಾಣುತ್ತದೆ. ಯಾರದು ಇದು, ಯಾರದು ಅದು ಎಂದು ಕೇಳಿದಳು. ಕಸುಬಿನ ಬಗ್ಗೆ ಕೇಳಿದರೆ ಮೇಸ್ತ್ರಿ ಕರಗಿಹೋಗುತ್ತಾರೆ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ನನ್ನ ಕಾಲನ್ನು ಮರೆತು, ಒಂದೊಂದನ್ನೇ ತೋರಿಸಿದರು. ಇದು ಅಂಚೆಯವನದು, ಕಿರುಬೆರಳ ಪಕ್ಕದಲ್ಲಿ ತೇಪೆ. ಇದು ಇಲ್ಲಿ ಕೂತಿರುವ ಪ್ರೊಫೆಸರಮ್ಮನದು, ಅವರ ತೇಪೆಯ ಲೆಕ್ಕ ಕೇಳಬೇಡಿ. ಕೊನೆಗೆ ಕೆಲಸದ ಮೇಜಿನ ಹಿಂದಿನ ಮೊಳೆಯಿಂದ ಒಂದು ಜೋಡಿ ಇಳಿಸಿದರು.

"ಇದು ನಂದು. ಹದಿನೆಂಟನೇ ವಯಸ್ಸಲ್ಲಿ ಅಪ್ಪ ಕೆತ್ತಿದ್ದು. ನನ್ನ ಬೂಟು ನಾನೇ ಆಗಾಗ ಇದರ ಮೇಲೆ ಏರಿಸಿ ಹಿಗ್ಗಿಸ್ಕೊಳ್ತೀನಿ. ಅದಕ್ಕೇ ನೋಡಿ, ಯಾವತ್ತೂ ಕಚ್ಚಲ್ಲ."

ನರ್ಸು ಅಚ್ಚನ್ನು ಕೈಯಲ್ಲಿ ತಿರುಗಿಸಿದಳು. ಪಾದದ ಮೇಲುಬ್ಬಿನ ಮೇಲೆ, ಗಿಣ್ಣಿನ ಸುತ್ತ, ಚರ್ಮದ ಪದರದ ಮೇಲೆ ಪದರ. ಕಂದು, ಕಪ್ಪು, ಮತ್ತೆ ಕಂದು. ಅಂಚುಗಳನ್ನು ಎಷ್ಟು ನಯವಾಗಿ ಉಜ್ಜಿದ್ದರೆಂದರೆ ಬೆರಳಿಗೆ ಸಿಗುತ್ತಿರಲಿಲ್ಲ, ಬಣ್ಣದಿಂದ ಮಾತ್ರ ತಿಳಿಯುತ್ತಿತ್ತು.

"ಇವು ಯಾವಾಗ ಅಂಟಿಸಿದ್ದು?"

"ಕೆಳಗಿಂದು ಹೋದ ವರ್ಷ ಇರಬೇಕು. ಮೇಲಿನವೆಲ್ಲ ಈಚೆಗೆ. ವಯಸ್ಸಾದಂಗೆ ಕಾಲು ಬೆಳೆಯುತ್ತಲ್ಲ."

"ಬೇರೆಯವರದೆಲ್ಲ ಪಕ್ಕಕ್ಕೆ ಬೆಳೆದಿದೆ, ಯಜಮಾನ್ರೇ. ನಿಮ್ಮದೊಂದೇ ಮೇಲಕ್ಕೆ ಬೆಳೆದಿರೋದು."

ಮೇಸ್ತ್ರಿ ಅಚ್ಚನ್ನು ವಾಪಸು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ನೂರಾರು ಪಾದ ಕಂಡವರು. ಬೇರೆ ಯಾರ ಅಚ್ಚಿನ ಮೇಲೆ ಅಂಥ ಪದರ ಕಂಡಿದ್ದರೂ ಇದು ಮೂಳೆಯಲ್ಲ, ಊತ ಎಂದು ಹೇಳುತ್ತಿದ್ದರು. ತಮ್ಮದೆಂಬ ಕಾರಣಕ್ಕೆ ಅದು ಅವರಿಗೆ ಬರೀ ಅಳತೆಯಾಗಿತ್ತು. ಬೂಟು ಹೊಲಿಯುವವನು ಮಾತ್ರ ಮಾಡಬಹುದಾದ ತಪ್ಪು ಅದು. ಬೇರೆಯವರಾಗಿದ್ದರೆ ಬೂಟು ಕಚ್ಚಿದ ವಾರವೇ ಹೆಂಡತಿಗೆ ಹೇಳುತ್ತಿದ್ದರು.

ನರ್ಸು ಬೂಟು ಕಳಚಿಸಿದಳು. ಕಣಕಾಲಿನ ಮುಂಭಾಗದಲ್ಲಿ ಹೆಬ್ಬೆರಳು ಒತ್ತಿ ಹಿಡಿದು ತೆಗೆದಳು. ಗುಳಿ ಹಾಗೆಯೇ ಉಳಿಯಿತು.

"ಸರಿಯಾಗಿ ಹದ ಮಾಡದ ಚರ್ಮ ಹೀಗೇ ಗುಳಿ ಬೀಳುತ್ತೆ" ಎಂದರು ಮೇಸ್ತ್ರಿ.

"ಈಗ ನಿಮ್ಮ ಮಾಮೂಲಿ ಕೆಲಸ ಮಾಡಿ ತೋರಿಸಿ. ಈ ಚರ್ಮ ಅಚ್ಚಿನ ಮೇಲೆ ಎಳೀತಾರಲ್ಲ, ಅದು."

ಮೇಸ್ತ್ರಿ ಇಕ್ಕಳ ತೆಗೆದುಕೊಂಡು, ಅಭ್ಯಾಸದಂತೆ, ಬಾಮೈದನ ಕಡೆ ಚಾಚಿದರು.

"ಅವರಲ್ಲ, ನೀವು."

"ಅದು ಇವನ ಕೆಲಸ."

"ಯಾವಾಗಿಂದ?"

ಬಾಮೈದ ಬಾಯಿ ತೆರೆದ. ಭಾವನ ಮುಖ ನೋಡಿ ಮುಚ್ಚಿದ. ಅವನು ಹಾಗೆ ಮುಚ್ಚಿದ್ದನ್ನು ನಾನು ಬೇರೆ ಯಾವಾಗಲೂ ಕಂಡಿಲ್ಲ. ಹೊಲಿಗೆ ಯಂತ್ರದ ಸದ್ದು ನಿಂತಿತು.

"ರೀ," ಎಂದರು ಹೆಂಡತಿ, ತಿರುಗದೆ. "ರಾತ್ರಿ ಎಲ್ಲಿ ಮಲಗ್ತೀರ, ಹೇಳಿ ಅವರಿಗೆ."

"ಮನೇಲಿ."

"ಮನೇಲಿ ಎಲ್ಲಿ?"

ಮೇಸ್ತ್ರಿ ಇಕ್ಕಳವನ್ನು ಸರಿಯಾಗಿ ಹಿಡಿದುಕೊಂಡು ಚರ್ಮದ ಅಂಚು ಕಚ್ಚಿಸಿದರು. ಅಚ್ಚನ್ನು ತೊಡೆಗೆ ಒತ್ತಿಕೊಂಡು ಎಳೆದರು. ತುದಿಯಲ್ಲಿ ಒಂದು ಮೊಳೆ ಕೂತಿತು. ಪಕ್ಕದಲ್ಲಿ ಇನ್ನೊಂದು. ಮೂರನೆಯದಕ್ಕೆ ಕೈ ಮೇಜಿನ ಅಂಚು ಹಿಡಿಯಿತು. ಬಾಯಿ ತೆರೆದು ಉಸಿರಾಡುತ್ತಿದ್ದರು, ಕುತ್ತಿಗೆಯ ನರ ಉಬ್ಬಿತ್ತು. ಸಾಕು, ಎಂದಳು ನರ್ಸು. ಉಸಿರು ಹದಕ್ಕೆ ಬರುವವರೆಗೆ ಅವರ ನಾಡಿ ಹಿಡಿದು ನಿಂತಳು.

"ಇದು ಎರಡಲ್ಲ. ಮೂರು."

"ಎರಡು ಸಲ ಇಕ್ಕಳ ಎಳೆದಿದ್ದಕ್ಕೆ ಒಂದು ದರ್ಜೆ ಬಡ್ತಿನಾ?" ಎಂದರು ಮೇಸ್ತ್ರಿ.

"ಭಾವಂಗೆ ಜನ್ಮದಲ್ಲಿ ಸಿಕ್ಕಿರೋ ಮೊದಲನೇ ಬಡ್ತಿ" ಎಂದ ಬಾಮೈದ.

"ಬಾಯ್ಮುಚ್ಚೋ" ಎಂದರು ಅಕ್ಕ.

ಆಮೇಲೆ ಮೇಸ್ತ್ರಿ ಕೇಳಬೇಕಾದ್ದನ್ನು ಕೇಳಿದರು. ದನಿ ಸಣ್ಣಗಾಗಿತ್ತು. "ಮೂರು ಅಂದ್ರೆ ಮಲಗಿಸ್ತಾರಾ, ಸಿಸ್ಟರ್?"

ಆಕೆ ಸುಳ್ಳು ಸಮಾಧಾನ ಹೇಳಲಿಲ್ಲ. "ಕೆಲವು ದಿನ ಆಸ್ಪತ್ರೇಲಿ ಮಲಗಬೇಕಾಗುತ್ತೆ. ನೀರು ತೆಗೀಬೇಕು. ಆಮೇಲಿಂದು ಡಾಕ್ಟ್ರು ಹೇಳ್ತಾರೆ. ನೀವು ಹೀಗೇ ಎರಡು ಎರಡು ಅಂತ ಹೇಳ್ಕೊಂಡು ಕೂತ್ರೆ ಮಾತ್ರ, ಮಲಗಿಸೋಕೆ ಯಾರೂ ಬೇಕಾಗಲ್ಲ."

ನನ್ನ ಪಾದದ ಅಳತೆ ಆ ದಿನ ಪೂರ್ತಿಯಾಗಲಿಲ್ಲ. ಒಂದೇ ಕಾಲಿನ ಗೆರೆ ಎಳೆದ ಕಾಗದವನ್ನು ಹೆಂಡತಿ ಮಡಿಸಿಟ್ಟರು, ನಾನು ಮನೆಗೆ ಬಂದೆ.

ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ನೀರು ಹೊರಹಾಕುವ ಔಷಧಿ ಕೊಟ್ಟರು. ಮೇಸ್ತ್ರಿಯ ದೇಹದಿಂದ ಹೊರಬಂದ ನೀರು ನೋಡಿ ಬಾಮೈದ, "ಭಾವ, ಇಷ್ಟು ದಿನ ಬೂಟಲ್ಲಿ ಬಾವಿ ಇಟ್ಕೊಂಡು ಓಡಾಡ್ತಿದ್ರಾ?" ಎಂದು ಕೇಳಿದನಂತೆ. ಕಾಲಿನ ಊತ ಇಳಿಯಿತು. ಚಪ್ಪಟೆ ಮಲಗಿದರೂ ಉಸಿರು ಕಟ್ಟುವುದು ನಿಂತಿತು. ನೀರಿನ ಮಾತ್ರೆ ಹೆಚ್ಚಿಸಿದರು. ಮೊದಲು ಸಕ್ಕರೆ ಕಾಯಿಲೆಗೆಂದು ಬಂದು, ಆಮೇಲೆ ಸೋತ ಹೃದಯಕ್ಕೂ ಒಳ್ಳೆಯದೆಂದು ತಿಳಿದುಬಂದ ಒಂದು ಮಾತ್ರೆ ಸೇರಿಸಿದರು. ಬಡಿತ ನಿಧಾನಿಸುವ ಮಾತ್ರೆಯನ್ನು ಮುಂದಿನ ತಿಂಗಳುಗಳಲ್ಲಿ ಮೆಲ್ಲಮೆಲ್ಲಗೆ ಏರಿಸಬೇಕೆಂದರು.

ಬಿಡುಗಡೆಯ ದಿನ ಹೆಂಡತಿಯೂ ಹೋಗಿದ್ದರು. ಅಂಗಡಿ ಮುಚ್ಚಿ ಹೋಗಿದ್ದರು, ಅದು ಅಪರೂಪ. ಮೇಸ್ತ್ರಿ ಡಾಕ್ಟರಿಗೆ ತಂದೆಯ ವಿಷಯ ಹೇಳಿದರು. ಡಾಕ್ಟರು ಪೂರ್ತಿ ಕೇಳಿಸಿಕೊಂಡರು.

"ಅದು ಹಳೇ ಪದ್ಧತಿ. ಈಗ ನಾವು ಹಾಗೆ ಮಲಗಿಸಲ್ಲ. ಮಲಗಿದಷ್ಟೂ ಕೈಕಾಲಿನ ಶಕ್ತಿ ಹೋಗುತ್ತೆ. ನೀವು ದಿನಾ ನಡೀಬೇಕು, ಕೆಲಸ ಮಾಡಬೇಕು."

"ಕೆಳಗೆ ಇಳೀಬಹುದಾ?"

"ಇಳೀಬೇಕು. ಆದ್ರೆ ಭಾರ ಹೊರೋದು, ಆ ಎಳೆಯೋದು, ಅದೆರಡು ಬಿಡಬೇಕು. ಸದ್ಯಕ್ಕಲ್ಲ, ಪೂರ್ತಿಯಾಗಿ."

ಅಳತೆ ತೆಗೆಯುವವರು, ಕತ್ತರಿಸುವವರು ಊರಲ್ಲಿ ಹತ್ತಾರು ಜನ ಇರಬಹುದು. ಮೇಸ್ತ್ರಿಗೆ ಮೇಸ್ತ್ರಿ ಎಂಬ ಹೆಸರು ಬಂದದ್ದು ಎಳೆಯುವುದರಿಂದ. ಅವರು ಹೆಂಡತಿಯ ಮುಖ ನೋಡಿದರು. ಹೆಂಡತಿ, "ಕುರ್ಚಿ ಮೇಜು ಎರಡೂ ಅಲ್ಲೇ ಇರುತ್ತೆ. ನಿಮ್ಮನ್ನೇನು ಯಾರೂ ಎತ್ತಿ ಮೇಲೆ ಹಾಕಲ್ಲ. ಒಪ್ಕೊಳ್ಳಿ" ಎಂದರು. ಒಪ್ಪಿಕೊಂಡರು.

ಹೊರಡುವ ಮುಂಚೆ ನರ್ಸು ಅವರಿಗೆ ಇನ್ನೊಂದು ವಿಂಗಡಣೆಯ ವಿಷಯವನ್ನೂ ಹೇಳಿದಳು. ಅಂಕಿಗಳ ದರ್ಜೆ ಮನುಷ್ಯ ಇವತ್ತು ಹೇಗಿದ್ದಾನೆ ಎಂಬುದನ್ನು ಹೇಳುತ್ತದೆ; ಮೂರರಲ್ಲಿದ್ದವರು ಎರಡಕ್ಕೆ ಇಳಿಯಬಹುದು. ಎ, ಬಿ, ಸಿ, ಡಿ ಎಂಬ ಅಕ್ಷರಗಳ ಹಂತ ಬೇರೆ, ಅದು ಕಾಯಿಲೆ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಹೇಳುತ್ತದೆ. ಒಂದು ಅಕ್ಷರ ದಾಟಿದವರು ಹಿಂದಕ್ಕೆ ಬರುವುದಿಲ್ಲ. ಮೇಸ್ತ್ರಿಗೆ ಇದು ಕೂಡಲೇ ಅರ್ಥವಾಯಿತು.

"ಹೊಲಿಗೆ ಬಿಚ್ಚಿ ಮತ್ತೆ ಹಾಕಬಹುದು. ಕತ್ತರಿಸಿದ ಚರ್ಮ ಕೂಡಲ್ಲ. ಅಷ್ಟೇ ತಾನೆ?"

"ಅಷ್ಟೇ."

ಅಂಗಡಿಗೆ ಬಂದ ಮೊದಲ ದಿನ ಅವರಿಗೆ ಆದದ್ದು ಸಂತೋಷವಲ್ಲ, ಅವಮಾನ. ಊತ ಇಳಿದ ಕಾಲಿನಲ್ಲಿ ಬೂಟು ಲೊಡಲೊಡ ಆಡುತ್ತಿತ್ತು. ಬೀದಿಯವರೆಲ್ಲರ ಕಾಲಿಗೆ ಹೆಸರಿಡುವ ಮನುಷ್ಯ ತಾನೇ ಸಪ್ಪಳ ಮಾಡಿಕೊಂಡು ಮೆಟ್ಟಿಲಿಳಿದರು. ನೇರ ಹೋಗಿ ತಮ್ಮ ಅಚ್ಚನ್ನು ಇಳಿಸಿ, ಬಿಸಿ ನೀರಿನಲ್ಲಿ ನೆನೆಸಿದ ಬಟ್ಟೆ ಸುತ್ತಿಟ್ಟು, ಅಂಟು ಮೆತ್ತಗಾದ ಮೇಲೆ ಸಣ್ಣ ಚಾಕುವಿನಿಂದ ಪದರ ಬಿಡಿಸತೊಡಗಿದರು. ಒಂದೊಂದು ಪದರ ಬಿಟ್ಟಾಗಲೂ ಬೂಟನ್ನು ಅಚ್ಚಿಗೆ ಹಾಕಿ, ಪಾದಕ್ಕೆ ಹಾಕಿ ನೋಡುತ್ತಿದ್ದರು. ಎಲ್ಲ ತೆಗೆದು ಅಪ್ಪ ಕೆತ್ತಿದ ಮರ ಕಾಣಿಸಬೇಕೆಂದು ಅವರ ಆಸೆ. ಆಗಲಿಲ್ಲ. ತೀರ ತಳದ ಕಂದು ಪದರ ತೆಗೆದರೆ ಬೂಟು ಬಿಗಿಯಾಗುತ್ತಿತ್ತು. ಅದು ಉಳಿಯಿತು.

ಅಂಗಡಿ ಹೊಸ ರೀತಿಗೆ ಒಗ್ಗಿಕೊಂಡಿತು. ಬಾಮೈದ ಎಳೆಯುತ್ತಾನೆ, ಮೇಸ್ತ್ರಿ ಪಕ್ಕದಲ್ಲಿ ಕೂತು ಬೈಯುತ್ತಾರೆ.

"ಹಿಮ್ಮಡೀಲಿ ನೆರಿಗೆ ಬಿಟ್ಟೆ ನೋಡು."

"ಎಲ್ಲಿ ಭಾವ? ಕಾಣಲ್ಲ."

"ನಿಂಗೆ ಕಾಣೋ ಹಾಗಿದ್ರೆ ನೀನು ಬಿಡ್ತಾನೇ ಇರಲಿಲ್ಲ."

ಮಹಡಿಯ ತಿರುವಿನಲ್ಲಿ ಹೆಂಡತಿ ಒಂದು ಮೋಟು ಸ್ಟೂಲು ಇಟ್ಟರು. ಬೆಳಿಗ್ಗೆ ಏಳುತ್ತಲೇ ತೂಕ ನೋಡುವ ಯಂತ್ರ ತಂದರು. ಮೇಸ್ತ್ರಿ ಅದರ ಮೇಲೆ ನಿಲ್ಲುತ್ತಾರೆ, ಹೆಂಡತಿ ಓದುತ್ತಾರೆ. ಮೇಸ್ತ್ರಿಗೆ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ. ಒಮ್ಮೆ ಮೋಸ ಮಾಡಿದ ತಕ್ಕಡಿ, ಎನ್ನುತ್ತಾರೆ. ಅವರು ನಂಬುವುದು ಬೂಟನ್ನು. ನರ್ಸು ಅವರಿಂದ ಒಂದು ಮಾತು ತೆಗೆದುಕೊಂಡಿದ್ದಳು: ಬೂಟು ಬಿಗಿಯಾದರೆ ಅದನ್ನು ಮುಟ್ಟಬಾರದು. ಇದು ಅವರಿಗೆ ಉಪ್ಪು ಬಿಟ್ಟದ್ದಕ್ಕಿಂತ ಕಷ್ಟವಾಯಿತು. ಬಿಗಿಯಾದ ಬೂಟನ್ನು ಹಾಗೇ ಬಿಡುವುದೆಂದರೆ ಅಡುಗೆಯವನು ಸೀದುಹೋಗುತ್ತಿರುವ ಪಾತ್ರೆಯನ್ನು ನೋಡುತ್ತ ನಿಂತ ಹಾಗೆ.

ಎರಡು ವರ್ಷ ಅವರು ಎರಡನೆಯ ದರ್ಜೆಯಲ್ಲೇ ಇದ್ದರು. ಈ ಸಲ ಸರಿಯಾದ ಎರಡು. ಆಮೇಲೆ ಒಂದು ಶೀತಜ್ವರ ಬಂದು ಹೋಯಿತು. ಅದಾದ ಸ್ವಲ್ಪ ದಿನಕ್ಕೆ, ನನ್ನ ಹೊಸ ಜೋಡಿಯ ಚರ್ಮ ಕತ್ತರಿಸಲು ಕೂತಿದ್ದ ಬೆಳಿಗ್ಗೆ, ಅವರಿಗೆ ಎಡ ಬೂಟಿನ ಲೇಸು ಪಾದದ ಮೇಲೆ ಒತ್ತಿದಂತಾಯಿತು. ಚಾಕು ಕೆಳಗಿಟ್ಟರು. ಹೆಂಡತಿಯ ಮಾತಿನ ಪ್ರಕಾರ ಅವರ ಕೈ ಮೊದಲು ಹೋದದ್ದು ಮೇಜಿನ ಹಿಂದಿನ ಮೊಳೆಗೆ, ಅಚ್ಚಿಗೆ. ಅದನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡು ಕೂತರು. ಪಕ್ಕದ ಡಬ್ಬದಲ್ಲಿ ಚರ್ಮದ ಚೂರುಗಳಿದ್ದವು, ಅಂಟು ಇತ್ತು. ಹೆಂಡತಿ ಯಂತ್ರ ನಿಲ್ಲಿಸಲಿಲ್ಲ, ಆದರೆ ಹೊಲಿಯುತ್ತಿರಲೂ ಇಲ್ಲ, ಖಾಲಿ ತುಳಿಯುತ್ತಿದ್ದರು.

ಮೇಸ್ತ್ರಿ ಅಚ್ಚನ್ನು ಮತ್ತೆ ಮೊಳೆಗೆ ಹಾಕಿದರು. ಕೋಟು ತೊಟ್ಟುಕೊಂಡು, ಆ ಬಿಗಿ ಬೂಟಿನಲ್ಲೇ ಮೆಟ್ಟಿಲು ಹತ್ತಿ ಬೀದಿಗೆ ಬಂದರು. ಕಿಟಕಿಯಲ್ಲಿ ಅವರ ಕಾಲು ಮಾತ್ರ ಕಾಣುತ್ತಿತ್ತು. "ಭಾವ ಕುಂಟ್ತಿದಾರೆ, ಅಕ್ಕಾ" ಎಂದ ಬಾಮೈದ. "ಕುಂಟಲಿ ಬಿಡು" ಎಂದರು ಅಕ್ಕ, ಬಟ್ಟೆಯಲ್ಲಿ ಕೈ ಒರೆಸಿಕೊಂಡು ತಾವೂ ಹಿಂದೆ ಹೊರಟರು.

ಆಸ್ಪತ್ರೆಯಲ್ಲಿ ನರ್ಸು ಬಾಗಿಲಲ್ಲೇ ಸಿಕ್ಕಳು. ಇವತ್ತು ನಿಮ್ಮ ಸರದಿ ಅಲ್ಲವಲ್ಲ, ಎಂದಳು.

"ಬೂಟು ಸರಿಯಾಗೇ ಇದೆ, ಸಿಸ್ಟರ್," ಎಂದರು ಮೇಸ್ತ್ರಿ. "ಕಾಲನ್ನ ರಿಪೇರಿಗೆ ತಂದಿದ್ದೀನಿ."

ನೀರಿನ ಮಾತ್ರೆಯನ್ನು ಕೆಲವು ದಿನಗಳ ಮಟ್ಟಿಗೆ ಹೆಚ್ಚಿಸಿದರು. ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವ ಅಗತ್ಯ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಂಡ ಹೆಂಡತಿ ವಾಪಸು ಬಂದು ಕೆಳಗಿಳಿದರು. ನನ್ನ ಬೂಟು ವಾರ ತಡವಾಗಿ ಸಿಕ್ಕಿತು. ಹಿಮ್ಮಡಿಯಲ್ಲಿ ಒಂದು ಸಣ್ಣ ನೆರಿಗೆ ಇದೆ. ಬಾಮೈದ ಎಳೆದದ್ದು.